ಅವ್ವನ ಸಹಿ



ನೀವು ಸಹಿ ಮಾಡಲು ಕಲಿತ ದಿನ ನಿಮಗೆ ನೆನಪಿದೆಯೇ? ನಮ್ಮಲ್ಲಿ ಬಹಳ ಮಂದಿ ಶಾಲೆಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅದನ್ನು ಕಲಿತವರು. ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದು, ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆಳೆದು, ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಯಾರೂ ನಕಲು ಮಾಡಬಾರದು, ನೋಡಿದವರು ಮೆಚ್ಚಬೇಕು ಎಂಬ ಆಸೆ. ಆಮೇಲೆ ಆ ಸಹಿ ನಮಗೆ ರೂಢಿಯಾಗಿಬಿಡುತ್ತದೆ. ಅರ್ಜಿ, ರಸೀತಿ, ಬ್ಯಾಂಕಿನ ಚೀಟಿ, ಮಕ್ಕಳ ಅಂಕಪಟ್ಟಿ ಎಲ್ಲದರ ಮೇಲೂ ಕೈ ತಾನಾಗಿ ಓಡುತ್ತದೆ. ಸಹಿ ಎಂದರೇನು ಎಂದು ಯೋಚಿಸುವ ಪ್ರಸಂಗವೇ ಬರುವುದಿಲ್ಲ.

ನನಗೆ ಅಂಥ ಪ್ರಸಂಗ ಬಂದದ್ದು ಆಲಮಟ್ಟಿಯಲ್ಲಿ. ಕಳೆದ ವರ್ಷ ಮಳೆಗಾಲದಲ್ಲಿ ಅಲ್ಲಿನ ಒಂದು ಪುನರ್ವಸತಿ ಕೇಂದ್ರದ ಮನೆಗೆ ಕುಟುಂಬ ಪ್ರಾರ್ಥನೆಗೆಂದು ಹೋಗಿದ್ದೆ. ಯಜಮಾನ ವರ್ಷದ ಹೆಚ್ಚಿನ ತಿಂಗಳು ದುಡಿಯಲು ಗೋವೆಯಲ್ಲಿರುತ್ತಾನೆ. ಮನೆಯಲ್ಲಿ ತಾಯಿ ಮತ್ತು ಹತ್ತು ವರ್ಷದ ಮಗ. ಮಗನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಕೈಕಾಲು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತದೆ, ಆದರೆ ಕಣ್ಣು ಬಹಳ ಚುರುಕು. ಶಾಲೆಗೆ ಹೋಗಿ ಕೂರುವುದು ಅವನಿಂದಾಗದು. ಹಾಗೆಂದು ಅವನು ಕಲಿಯದೆ ಉಳಿದಿಲ್ಲ. ಶಿಕ್ಷಣ ಹಕ್ಕಿನ 2009ರ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿಯಂತೆ, ತೀವ್ರ ಅಂಗವೈಕಲ್ಯ ಅಥವಾ ಬಹುವಿಧ ವೈಕಲ್ಯವುಳ್ಳ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕು ಹೊಂದಿದ್ದಾರೆ. ಇದಕ್ಕೆ ಗೃಹಾಧಾರಿತ ಶಿಕ್ಷಣ ಎಂದು ಹೆಸರು. ಆ ಮನೆಗೆ ವಾರಕ್ಕೊಮ್ಮೆ ಶಿಕ್ಷಕಿಯೊಬ್ಬರು ಬಂದು ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂದು ತೋರಿಸಿಕೊಟ್ಟು ಹೋಗುತ್ತಾರೆ. ಉಳಿದ ಆರು ದಿನ ಅವ್ವನೇ ಅಕ್ಕೋರು.

ಆ ತಾಯಿ ಓದಿದ್ದು ಮೂರನೇ ಇಯತ್ತೆಯವರೆಗೆ ಮಾತ್ರ. ಪೆನ್ಸಿಲ್ ಹಿಡಿಯಲಾಗದ ಮಗನಿಗೆ ಆಕೆ ಒಂದು ಉಪಾಯ ಕಂಡುಕೊಂಡಿದ್ದಾಳೆ. ಅಗಲವಾದ ತಾಟಿನಲ್ಲಿ ಜೋಳದ ಹಿಟ್ಟು ಹರಡಿ, ಮಗನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಅದರ ಮೇಲೆ ಅಕ್ಷರ ತಿದ್ದಿಸುತ್ತಾಳೆ. ತಪ್ಪಾದರೆ ತಾಟನ್ನು ಸ್ವಲ್ಪ ಅಲುಗಿಸಿದರೆ ಸಾಕು, ಅಕ್ಷರ ಅಳಿಸಿಹೋಗುತ್ತದೆ. ಪಾಠ ಮುಗಿದ ಮೇಲೆ ಅದೇ ಹಿಟ್ಟು ರೊಟ್ಟಿಯಾಗುತ್ತದೆ.

ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ ಆಕೆ ಕೇಳಿದಳು: “ಫಾದರ್, ನಾ ಸಹಿ ಹ್ಯಾಂಗ ಮಾಡಬೇಕ್ರಿ?”

ಕಾರಣವಿತ್ತು. ಶಿಕ್ಷಕಿ ಬಂದುಹೋದ ಪ್ರತಿ ಸಲವೂ ಭೇಟಿಯ ಪುಸ್ತಕದಲ್ಲಿ ತಂದೆ ಅಥವಾ ತಾಯಿ ಸಹಿ ಮಾಡಬೇಕು. ಆಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಬರೆಯಲು ಬರುವುದಿಲ್ಲವೆಂದಲ್ಲ, ಬ್ಯಾಂಕು, ರೇಷನ್ ಅಂಗಡಿ ಎಲ್ಲಾ ಕಡೆ ಅದೇ ರೂಢಿಯಾಗಿತ್ತು. ಒಂದು ದಿನ ಮಗ ಅವ್ವನ ಬೆರಳಿನ ನೀಲಿ ಮಸಿಯನ್ನು ನೋಡಿ, ತೊದಲುತ್ತಾ, “ಅವ್ವಾ, ನೀ ಯಾಕ ಬರಿಯಂಗಿಲ್ಲ?” ಎಂದು ಕೇಳಿಬಿಟ್ಟ. ಅಂದಿನಿಂದ ಆಕೆ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಸಹಿಯ ಅಭ್ಯಾಸ ಶುರುಮಾಡಿದಳು. ಆ ಹಾಳೆಗಳನ್ನು ತಂದು ನನ್ನ ಮುಂದೆ ಹರಡಿದಳು. ಒಂದು ಸಹಿ ಯಾರೋ ಅಧಿಕಾರಿಯ ಸಹಿಯಂತೆ ಬರೀ ಸುರುಳಿ. ಇನ್ನೊಂದು ಗಂಡನ ಹೆಸರು ಸೇರಿಸಿ ಬರೆದದ್ದು. ಮತ್ತೊಂದರಲ್ಲಿ ಮೊದಲ ಅಕ್ಷರ ಮಾತ್ರ, ಉಳಿದದ್ದು ಗೆರೆ.

“ಇದರಾಗ ಯಾವುದು ಛಲೋ ಐತ್ರಿ?” ಎಂದಳು. ನಾನು ನಕ್ಕು ಯಾವುದೋ ಒಂದನ್ನು ತೋರಿಸಬೇಕೆಂದಿದ್ದೆ. ಅಷ್ಟರಲ್ಲಿ ಆಕೆ ಮುಂದುವರಿಸಿದಳು: “ಮುಳುಗಡಿ ಕಾಲದಾಗ ನಮ್ಮಪ್ಪ ಎಲ್ಲಿ ಒತ್ತು ಅಂದ್ರ ಅಲ್ಲಿ ಹೆಬ್ಬೆಟ್ಟು ಒತ್ತಿದ್ರಿ. ಹೊಲದ ಕಾಗದದಾಗ ಏನ್ ಬರದೈತಿ ಅಂತ ಯಾರೂ ಓದಿ ಹೇಳಲಿಲ್ಲ. ಅದಕ್ಕ ನಾ ಸಹಿ ಮಾಡಬೇಕಂತ ಮಾಡೀನ್ರಿ.”

ನನ್ನ ನಗು ಅಲ್ಲಿಗೇ ನಿಂತಿತು. ಆಲಮಟ್ಟಿಯ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಇಂದು ಆ ಜಲಾಶಯಕ್ಕೆ ಅವರದೇ ಹೆಸರು. ಕೃಷ್ಣೆಯ ನೀರು ಅಲ್ಲಿ ನಿಂತು ಒಣಭೂಮಿಗೆ ಹರಿಯಿತು, ವಿದ್ಯುತ್ತೂ ಬಂತು. ಅದೇ ನೀರಿನಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳೂ ಹೊಲಗಳೂ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ಮುಳುಗಿದವು. ಆ ಪ್ರತಿಯೊಂದು ಹೊಲಕ್ಕೂ ಒಂದು ಕಾಗದ, ಪ್ರತಿ ಕಾಗದಕ್ಕೂ ಒಂದು ಸಹಿ ಅಥವಾ ಒಂದು ಹೆಬ್ಬೆಟ್ಟು. ಆ ತಾಯಿಗೆ ಸಹಿಯೆಂದರೆ ಅಂದವಾದ ಅಕ್ಷರದ ಮಾತಲ್ಲ. ಮೇಲೆ ಬರೆದಿರುವುದನ್ನು ಓದಿದ್ದೇನೆ, ಒಪ್ಪಿದ್ದೇನೆ, ಅದಕ್ಕೆ ನಾನು ಹೊಣೆ ಎಂದು ಹೇಳುವ ಶಕ್ತಿ ಅದು.

ಪ್ರಿಯರೇ, ಸಹಿ ಎಂದರೆ ಇದೇ ಅಲ್ಲವೇ? ಇದು ನಾನು, ಇದಕ್ಕೆ ನಾನು ಹೊಣೆ. ಈ ಎರಡು ಮಾತುಗಳೇ ಸಹಿ.

ಮೊದಲು ಒಂದು ಮಾತು. ಹೆಬ್ಬೆಟ್ಟು ಒತ್ತಿದ ತಂದೆ ನಾಚಬೇಕಾಗಿಲ್ಲ. ನಾಚಬೇಕಾದವರು ಓದಿ ಹೇಳದೆ ಒತ್ತಿಸಿಕೊಂಡವರು. ಒಬ್ಬರ ಬೆರಳಿನ ಗೆರೆಯಂತೆ ಇನ್ನೊಬ್ಬರದಿಲ್ಲ. ಆ ಗೆರೆಗಳನ್ನು ತಾಯಿಯ ಗರ್ಭದಲ್ಲೇ ಎಳೆದವರು ದೇವರು. ಅಕ್ಷರ ಬಲ್ಲವರು ಅಕ್ಷರ ಬಾರದವರ ಬೆರಳನ್ನು ಮುಟ್ಟುವಾಗ ದೇವರ ಕೈಬರಹವನ್ನು ಮುಟ್ಟುತ್ತಿದ್ದೇವೆಂದು ತಿಳಿದು ಭಯಭಕ್ತಿಯಿಂದ ಮುಟ್ಟಬೇಕು.

ಸಂತ ಪೌಲರನ್ನು ನೋಡಿ. ಮಹಾ ಪಂಡಿತರಾದ ಅವರು ತಮ್ಮ ಪತ್ರಗಳನ್ನು ಬೇರೆಯವರ ಕೈಯಲ್ಲಿ ಬರೆಸುತ್ತಿದ್ದರು. ರೋಮನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಅದನ್ನು ಬರೆದುಕೊಟ್ಟ ತೆರ್ತ್ಯನು ತಾನೇ ವಂದನೆ ಹೇಳುತ್ತಾನೆ. ಆದರೆ ಪತ್ರದ ಕೊನೆಗೆ ಬಂದಾಗ ಪೌಲರು ತಾವೇ ಲೇಖನಿ ತೆಗೆದುಕೊಳ್ಳುತ್ತಿದ್ದರು. ತಮ್ಮ ಎಲ್ಲ ಪತ್ರಗಳಿಗೂ ಇದೇ ಗುರುತು ಎಂದು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರದಲ್ಲಿ ತಿಳಿಸುತ್ತಾರೆ. ಗಲಾತ್ಯದವರಿಗಂತೂ, ತಾವು ಸ್ವಂತ ಕೈಯಿಂದ ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದೇವೆಂದು ನೋಡಿರೆಂದು ಹೇಳುತ್ತಾರೆ. ಅದು ಪಂಡಿತರ ಸೊಗಸಾದ ಬರಹವಲ್ಲ, ದಪ್ಪಕ್ಷರ. ಆ ದಪ್ಪಕ್ಷರದ ಕೆಳಗೆ ಅವರು ಬರೆದದ್ದು ತಮ್ಮ ಹೆಚ್ಚಳವನ್ನಲ್ಲ, ಕ್ರಿಸ್ತರ ಶಿಲುಬೆಯ ಹೊರತು ಬೇರಾವ ಹೆಮ್ಮೆಯೂ ತಮಗೆ ಬೇಡವೆಂದು.

ಹೀಗೆ ತನ್ನ ಹೆಸರನ್ನು ಹಿಂದೆ ಸರಿಸಿ ದೇವರ ಹೆಸರನ್ನು ಮುಂದಿಡುವ ಪದ್ಧತಿ ಆಲಮಟ್ಟಿಯ ನೆಲಕ್ಕೆ ಹೊಸದಲ್ಲ. ಬಸವಣ್ಣನವರ ಜನ್ಮಸ್ಥಳವೆಂದು ನಾಡು ಗೌರವಿಸುವ ಬಸವನ ಬಾಗೇವಾಡಿ ಅದೇ ಸೀಮೆಯದು. ಅವರು ಐಕ್ಯರಾದ ಕೂಡಲಸಂಗಮವೂ ದೂರವಿಲ್ಲ. 12ನೇ ಶತಮಾನದ ಶರಣರು ತಮ್ಮ ವಚನಗಳ ಕೊನೆಯಲ್ಲಿ ಒಂದೊಂದು ಅಂಕಿತ ಇಟ್ಟರು. ಅದು ಅವರ ಸಹಿ. ಆದರೆ ಬಸವಣ್ಣನವರ ಅಂಕಿತದಲ್ಲಿ ಬಸವಣ್ಣ ಎಂಬ ಹೆಸರಿಲ್ಲ, ಕೂಡಲಸಂಗಮದೇವ ಎಂದಿದೆ. ಅಕ್ಕಿ ಆಯುವ ಕಾಯಕದಿಂದ ಬದುಕಿದ ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅದರಲ್ಲಿ ಗಂಡನ ಹೆಸರಿದೆ, ದೇವರ ಹೆಸರಿದೆ, ಆಕೆಯ ಹೆಸರಿಲ್ಲ. ಆದರೂ ಎಂಟು ಶತಮಾನಗಳ ಬಳಿಕ ಆ ಮಾತು ಯಾರದೆಂದು ನಾಡಿಗೆ ಗೊತ್ತು. ನಾರಾಯಣಪುರ ಜಲಾಶಯದ ಹಿನ್ನೀರು ಕೂಡಲಸಂಗಮದವರೆಗೆ ಏರಿದಾಗ ಐಕ್ಯಮಂಟಪದ ಸುತ್ತ ಗೋಡೆ ಕಟ್ಟಿ ಅದನ್ನು ಉಳಿಸಿಕೊಂಡರು. ಊರು ಮುಳುಗಬಹುದು, ಭಕ್ತಿಯಿಂದ ಇಟ್ಟ ಹೆಸರನ್ನು ಜನ ಮುಳುಗಗೊಡುವುದಿಲ್ಲ.

ನಮ್ಮ ನೆರೆಹೊರೆಯ ಈ ಭಕ್ತಿಯಿಂದ ನಾವು ಕಲಿಯಬೇಕಾದದ್ದಿದೆ. ಕ್ರೈಸ್ತ ತಂದೆತಾಯಿಗಳಾದ ನಮ್ಮ ಅಂಕಿತ ಯಾವುದು?

ನಾನು ಆ ತಾಯಿಗೆ ಹೇಳಿದೆ: “ತಾಯಿ, ನಿಮಗೆ ಆಗಲೇ ಒಂದು ಸಹಿ ಇದೆ. ಹತ್ತು ವರ್ಷದ ಹಿಂದೆ ಹಾಕಿದ್ದೀರಿ.” ಆಕೆ ಅಚ್ಚರಿಯಿಂದ ನೋಡಿದಳು.

ಜ್ಞಾನಸ್ನಾನದ ವಿಧಿಯನ್ನು ನೆನಪಿಸಿಕೊಳ್ಳಿ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ, 1969ರಲ್ಲಿ, ಮಕ್ಕಳ ಜ್ಞಾನಸ್ನಾನಕ್ಕೆ ಧರ್ಮಸಭೆ ಪರಿಷ್ಕೃತ ವಿಧಿಯನ್ನು ಕೊಟ್ಟಿತು. ಆರಂಭದಲ್ಲಿ ಗುರುಗಳು ಮಗುವಿನ ಹೆಸರನ್ನು ಕೇಳುತ್ತಾರೆ. ಬಳಿಕ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ, ತಂದೆತಾಯಿಯನ್ನೂ ಜ್ಞಾನ ತಂದೆತಾಯಿಯನ್ನೂ ಕರೆದು ಅದೇ ಗುರುತನ್ನು ಹಾಕಿಸುತ್ತಾರೆ. ಬಾಟಲಿಯ ಹಾಲು, ಫೋಟೋ, ಬಂಧುಗಳ ಗದ್ದಲದ ನಡುವೆ ಆ ಕ್ಷಣ ಕಳೆದುಹೋಗುತ್ತದೆ. ಆದರೆ ಅದೇ ತಂದೆತಾಯಿಯ ಮೊದಲ ಸಹಿ. ಈ ಮಗು ಕ್ರಿಸ್ತರದು, ಇದಕ್ಕೆ ನಾನು ಹೊಣೆ ಎಂದು ಹೆಬ್ಬೆರಳಿನಿಂದ, ಮಸಿಯಿಲ್ಲದೆ, ಹಣೆಯ ಮೇಲೆ ಬರೆದುಕೊಟ್ಟ ಸಹಿ. ಓದುಬರಹ ಬಲ್ಲ ತಾಯಿಯೂ ಬಾರದ ತಾಯಿಯೂ ಒಂದೇ ರೀತಿ ಹಾಕುವ ಸಹಿ. ಜ್ಞಾನಸ್ನಾನವು ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಒತ್ತುತ್ತದೆಂದು ಧರ್ಮಸಭೆ ಬೋಧಿಸುತ್ತದೆ. ಹಿಟ್ಟಿನ ಮೇಲಿನ ಅಕ್ಷರ ಅಳಿಸಿಹೋದೀತು, ಈ ಮುದ್ರೆ ಅಳಿಯದು. ಪೆನ್ಸಿಲ್ ಹಿಡಿಯಲಾಗದ ಮಗುವೂ ದೇವರ ಸಹಿ ಹೊತ್ತ ಮಗುವೇ.

ಶಿಲುಬೆಯನ್ನೇ ಸಹಿಯಾಗಿ ಹಾಕುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಮಧ್ಯಯುಗದ ಯೂರೋಪಿನ ಪತ್ರಗಳಲ್ಲಿ ಬರೆಯಲು ಬಾರದ ರಾಜರೂ ಬರೆಯಬಲ್ಲ ಗುರುಗಳೂ ಒಂದೇ ರೀತಿ ಶಿಲುಬೆಯ ಗುರುತು ಹಾಕುತ್ತಿದ್ದರು. ಶಿಲುಬೆಯ ಸಾಕ್ಷಿಯಾಗಿ ಸತ್ಯವನ್ನೇ ಹೇಳುತ್ತಿದ್ದೇನೆಂಬ ಆಣೆ ಅದು. ನಮ್ಮ ಧರ್ಮಾಧ್ಯಕ್ಷರ ಸುತ್ತೋಲೆ ಗುಡಿಯಲ್ಲಿ ಬಂದಾಗ ಅವರ ಹೆಸರಿನ ಮುಂದಿರುವ ಪುಟ್ಟ ಶಿಲುಬೆಯನ್ನು ಗಮನಿಸಿ. ಅದೇ ರೂಢಿ ಇಂದಿಗೂ ಉಳಿದಿದೆ.

ಇದನ್ನೆಲ್ಲ ಕೇಳಿ ಆ ತಾಯಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಸುರುಳಿಯ ಸಹಿಯ ಹಾಳೆಯನ್ನು ಪಕ್ಕಕ್ಕಿಟ್ಟು ಹೇಳಿದಳು: “ಹಂಗಾದ್ರ ನನ್ನ ಹೆಸರು ಪೂರ್ತಿ ಬರಿತೀನ್ರಿ, ಕನ್ನಡದಾಗ. ಮುಂದ ಒಂದು ಸಣ್ಣ ಶಿಲುಬಿ. ನನ್ನ ಮಗ ಓದಾಕ ಬರುವಂಗ ಇರಬೇಕ್ರಿ.”

ಓದುಗರೇ, ಸಹಿಯ ಬಗ್ಗೆ ಇದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ. ನಮ್ಮ ಸಹಿಯನ್ನು ಬೇರೆಯವರು ನಕಲು ಮಾಡಬಾರದೆಂದು ನಾವು ಗೋಜಲು ಮಾಡುತ್ತೇವೆ. ಆ ತಾಯಿ ಮಗ ಓದಲೆಂದು, ಓದಿ ಹಾಗೆಯೇ ಬರೆಯಲಿ ಎಂದು ಬಿಡಿಸಿ ಬರೆಯುತ್ತಾಳೆ. ತಂದೆತಾಯಿಯ ಬದುಕು ಮಕ್ಕಳು ಓದಬಲ್ಲ ಸಹಿಯಾಗಿರಬೇಕು.

ನಮ್ಮ ಮನೆಗಳಲ್ಲಿ ಅದು ಓದುವಂತಿದೆಯೇ? ತಿಂಗಳ ಪರೀಕ್ಷೆಯ ಅಂಕಪಟ್ಟಿ ಬಂದಾಗ ಒಳಗೇನಿದೆಯೆಂದು ನೋಡದೆ ಬಾಗಿಲಲ್ಲಿ ನಿಂತೇ ಸಹಿ ಮಾಡಿ ಕಳಿಸುವ ತಂದೆಯಿದ್ದಾನೆ. ಸುಳ್ಳು ಹೇಳಬೇಡವೆಂದು ಮಗಳಿಗೆ ಕಲಿಸಿ, ಸಾಲಗಾರ ಬಂದಾಗ ಅಪ್ಪ ಮನೆಯಲ್ಲಿಲ್ಲವೆಂದು ಅವಳಿಂದಲೇ ಹೇಳಿಸುವ ಮನೆಯಿದೆ. ಇಂಥ ಕಡೆ ಮೇಲೆ ಬರೆದದ್ದು ಒಂದು, ಕೆಳಗಿನ ಸಹಿ ಇನ್ನೊಂದು. ಮಕ್ಕಳು ಪಾಠವನ್ನು ಮರೆಯುತ್ತಾರೆ, ಸಹಿಯನ್ನು ಓದಿಕೊಳ್ಳುತ್ತಾರೆ. ಮಕ್ಕಳ ಶಿಕ್ಷಣದಲ್ಲಿ ಮೊದಲಿಗರೂ ಮುಖ್ಯರೂ ತಂದೆತಾಯಿಗಳೇ, ಅವರ ಕೊರತೆಯನ್ನು ತುಂಬುವುದು ಕಷ್ಟ ಎಂದು ಮಹಾಸಭೆ ಕ್ರೈಸ್ತ ಶಿಕ್ಷಣದ ಕುರಿತ 1965ರ ಘೋಷಣೆಯಲ್ಲಿ ತಿಳಿಸಿತು. ಸಂತ ಎರಡನೆಯ ಜಾನ್ ಪಾಲರು 1981ರಲ್ಲಿ ಕುಟುಂಬಗಳಿಗೆ ಬರೆದ ಪ್ರೇರಣಾಪತ್ರದಲ್ಲಿ ಈ ಹೊಣೆಯನ್ನು ಪೂರ್ತಿಯಾಗಿ ಬೇರೆಯವರಿಗೆ ವಹಿಸಿಕೊಡಲಾಗದೆಂದು ಮತ್ತೆ ನೆನಪಿಸಿದರು. ಮಗುವನ್ನು ಒಳ್ಳೆಯ ಶಾಲೆಗೆ ಸೇರಿಸಿದ ಮಾತ್ರಕ್ಕೆ, ಭಾನುವಾರದ ಧರ್ಮೋಪದೇಶ ತರಗತಿಗೆ ಕಳಿಸಿದ ಮಾತ್ರಕ್ಕೆ ನಮ್ಮ ಸಹಿ ಮುಗಿಯಿತೆಂದು ತಿಳಿಯಬಾರದು.

ನಾನು ಹೊರಡಲು ಎದ್ದಾಗ ಆಕೆ ನಿಜವಾದ ಪ್ರಶ್ನೆಯನ್ನು ಕೇಳಿದಳು. ಬಹುಶಃ ಮೊದಲಿನಿಂದಲೂ ಅದನ್ನೇ ಕೇಳಬೇಕೆಂದಿದ್ದಳು. “ಫಾದರ್, ಈಗ ನಾ ಸಹಿ ಮಾಡ್ತೀನ್ರಿ. ನಾ ಹೋದ ಮ್ಯಾಲ ಇವಂಗ ಯಾರ್ ಸಹಿ ಮಾಡ್ತಾರ್ರಿ?”

ಇಂಥ ಮಕ್ಕಳ ತಂದೆತಾಯಿಗಳು ರಾತ್ರಿಯ ನಿದ್ದೆಗೆಟ್ಟು ಯೋಚಿಸುವುದು ಇದನ್ನೇ. ಕಾನೂನಿನಲ್ಲಿ ಒಂದು ದಾರಿಯಿದೆ, ತಿಳಿಯದವರಿಗಾಗಿ ಹೇಳುತ್ತೇನೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ 18 ವರ್ಷ ತುಂಬಿದ ಮೇಲೂ ಅಗತ್ಯವಿದ್ದರೆ ಪೋಷಕರನ್ನು ಅಧಿಕೃತವಾಗಿ ನೇಮಿಸಬಹುದು. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯವರ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ತಂದೆತಾಯಿ ಅಥವಾ ಬಂಧುಗಳು ಇದಕ್ಕಾಗಿ ಅರ್ಜಿ ಕೊಡಬೇಕು. ನಾನು ಇದನ್ನು ಆಕೆಗೆ ಹೇಳಿದೆ. ಆದರೆ ಆಕೆ ಕೇಳಿದ್ದು ಕಾನೂನನ್ನು ಮಾತ್ರವಲ್ಲ. ನನ್ನ ಮಗನನ್ನು ತಮ್ಮವನೆಂದು ಒಪ್ಪಿಕೊಳ್ಳುವವರು ಯಾರು ಎಂದು ಕೇಳಿದಳು.

ಇಲ್ಲಿ ಪೌಲರ ಇನ್ನೊಂದು ಸಹಿ ನೆನಪಾಗುತ್ತದೆ. ಫಿಲೆಮೋನನಿಗೆ ಬರೆದ ಪುಟ್ಟ ಪತ್ರದಲ್ಲಿ, ಯಜಮಾನನಿಂದ ದೂರವಾಗಿದ್ದ ಒನೇಸಿಮನೆಂಬ ದಾಸನನ್ನು ಸಹೋದರನಂತೆ ಬರಮಾಡಿಕೊಳ್ಳೆಂದು ಅವರು ಬೇಡುತ್ತಾರೆ. ಅವನ ಸಾಲವೇನಾದರೂ ಇದ್ದರೆ ತನ್ನ ಲೆಕ್ಕಕ್ಕೆ ಬರೆದುಕೋ, ತಾನು ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾರೆ. ಹಳ್ಳಿಯವರಿಗೆ ಇದು ಚೆನ್ನಾಗಿ ಗೊತ್ತು, ಇದು ಜಾಮೀನು ಸಹಿ. ತನಗಾಗಿ ಮಾಡಿದ ಸಹಿಯಲ್ಲ, ಕೈಲಾಗದವನ ಪರವಾಗಿ ಮಾಡಿದ ಸಹಿ. ಪ್ರಭು ಯೇಸು ನಮಗಾಗಿ ಮಾಡಿದ್ದೂ ಇದನ್ನೇ. ನಮ್ಮ ಸಾಲಪತ್ರವನ್ನು ಅವರು ಶಿಲುಬೆಗೆ ಜಡಿದು ರದ್ದು ಮಾಡಿದರು. ಪುನರುತ್ಥಾನರಾದ ಮೇಲೆ ತೋಮನಿಗೆ ತೋರಿಸಿದ್ದು ಮೊಳೆಗಳ ಗುರುತಿನ ಕೈಗಳನ್ನು. ತಾಯಿ ಮರೆತರೂ ತಾವು ಮರೆಯೆವು, ನಮ್ಮನ್ನು ಅಂಗೈಯಲ್ಲಿ ಕೆತ್ತಿಕೊಂಡಿದ್ದೇವೆ ಎಂದು ಪ್ರವಾದಿ ಯೆಶಾಯನ ಮೂಲಕ ದೇವರು ಕೊಟ್ಟ ಮಾತಿಗೆ ಆ ಕೈಗಳೇ ಸಹಿ.

ಹಾಗಾದರೆ ಆ ಹುಡುಗನಿಗೆ ಜಾಮೀನು ಯಾರು? ಅವನ ಜ್ಞಾನಸ್ನಾನದ ದಿನ ತಂದೆತಾಯಿಗೆ ನೆರವಾಗಲು ಸಿದ್ಧರಿದ್ದೀರಾ ಎಂದು ಗುರುಗಳು ಕೇಳಿದಾಗ ಜ್ಞಾನ ತಂದೆತಾಯಿ ಹೌದೆಂದರು. ಅವರ ಹೆಸರು ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕದಲ್ಲಿದೆ. ಆ ದಿನ ಗುಡಿಯಲ್ಲಿ ನೆರೆದಿದ್ದ ನಾವೆಲ್ಲರೂ ಕ್ರೈಸ್ತ ಸಮುದಾಯದ ಹೆಸರಿನಲ್ಲಿ ಅವನನ್ನು ಸ್ವಾಗತಿಸಿದೆವು. ಓದದೆ ಒತ್ತಿದ ಹೆಬ್ಬೆಟ್ಟು ಅದಾಗಿತ್ತೇ? ಹಾಗಾಗಿದ್ದರೆ ಈಗಲಾದರೂ ಓದೋಣ. ನಮ್ಮ ಧರ್ಮಕೇಂದ್ರದಲ್ಲಿ ಗುಡಿಗೆ ಬರಲಾಗದೆ ಮನೆಯಲ್ಲೇ ಇರುವ ಮಕ್ಕಳು ಎಷ್ಟು ಮಂದಿ? ಅವರ ಹೆಸರು ನಮಗೆ ಗೊತ್ತೇ? ಪರಮಪ್ರಸಾದ ಅವರ ಮನೆಗೆ ಹೋಗುತ್ತಿದೆಯೇ? ಆ ತಾಯಿ ಒಂದು ದಿನ ಸಂತೆಗೆ ಹೋಗಿಬರುವಂತೆ ಎರಡು ಗಂಟೆ ಮಗುವಿನ ಬಳಿ ಕೂರುವವರು ಯಾರಾದರೂ ಇದ್ದಾರೆಯೇ?

ಇದನ್ನು ಬರೆಯುತ್ತಿರುವ ನಾನೂ ಈ ಪ್ರಶ್ನೆಯಿಂದ ಹೊರಗಿಲ್ಲ. ಅಂದು ಆ ತಾಯಿಗೆ ಕೂಡಲೇ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಪ್ರಾರ್ಥಿಸುತ್ತೇನೆ ಎಂದಷ್ಟೇ ಹೇಳಿ ಬಂದೆ. ದಾರಿಯುದ್ದಕ್ಕೂ ಆ ಮಾತು ನನ್ನನ್ನು ಚುಚ್ಚಿತು. ಮುಂದಿನ ವಾರ ಹಳೆಯ ಪುಸ್ತಕ ತೆರೆದು ಆ ಹುಡುಗನ ಜ್ಞಾನ ತಂದೆತಾಯಿಯ ಹೆಸರು ಹುಡುಕಿದೆ. ಅವರನ್ನು ಕಂಡು ಮಾತಾಡಿದೆ. ಅವರು ಆ ಮನೆಗೆ ಹೋಗಿ ಹಲವು ವರ್ಷಗಳಾಗಿದ್ದವು. ಈಗ ತಿಂಗಳಿಗೆ ಎರಡು ಸಲ ಹೋಗುತ್ತಿದ್ದಾರೆ. ಇದು ದೊಡ್ಡ ಪವಾಡವೇನಲ್ಲ. ಹಳೆಯ ಸಹಿಯೊಂದನ್ನು ಅವರು ಮತ್ತೆ ಓದಿಕೊಂಡರು, ನಾನೂ ಓದಿಕೊಂಡೆ.

ಈ ವಾರ ನಿಮ್ಮ ಮನೆಯಲ್ಲಿ ಎರಡು ಕೆಲಸ ಮಾಡಿ. ರಾತ್ರಿ ಜಪಸರ ಮುಗಿದ ಮೇಲೆ ಪ್ರತಿ ಮಗುವಿನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಹಾಕಿ. ಮಗ ಎಷ್ಟೇ ಎತ್ತರ ಬೆಳೆದಿರಲಿ, ಬಾಗಲು ಹೇಳಿ ಹಾಕಿ. ಎರಡನೆಯದಾಗಿ, ನೀವು ಯಾರಿಗೆ ಜ್ಞಾನ ತಂದೆತಾಯಿಯಾಗಿದ್ದೀರೋ ಆ ಮಗುವಿನ ಮನೆಗೆ ಹೋಗಿ ಬನ್ನಿ. ದೂರವಿದ್ದರೆ ಪತ್ರ ಬರೆಯಿರಿ, ಫೋನ್ ಮಾಡಿ. ನಿಮ್ಮ ಸಹಿ ಅಲ್ಲಿದೆ.

ಆಲಮಟ್ಟಿಯ ಆ ಮನೆಯ ಭೇಟಿಯ ಪುಸ್ತಕದಲ್ಲಿ ಈಗ ಪ್ರತಿ ವಾರ ಒಂದು ಪುಟ್ಟ ಶಿಲುಬೆ, ಅದರ ಮುಂದೆ ದುಂಡಗಿನ ದಪ್ಪಕ್ಷರದಲ್ಲಿ ಒಂದು ಹೆಸರು. ಕಳೆದ ಸಲ ಹೋದಾಗ ಮಗ ಅದನ್ನು ನನಗೆ ಓದಿ ತೋರಿಸಿದ. ತೊದಲುತ್ತಾ, ಒಂದೊಂದೇ ಅಕ್ಷರವಾಗಿ. ಕೊನೆಗೆ ಪುಸ್ತಕದಲ್ಲಿ ಬರೆಯದಿದ್ದ ಒಂದು ಮಾತನ್ನು ತಾನೇ ಸೇರಿಸಿದ: “ಅವ್ವ.”

ಪ್ರಾರ್ಥಿಸೋಣ: ನಮ್ಮನ್ನು ಅಂಗೈಯಲ್ಲಿ ಬರೆದುಕೊಂಡಿರುವ ಪ್ರಭುವೇ, ನಮ್ಮ ಮಕ್ಕಳ ಹಣೆಯ ಮೇಲೆ ನಾವು ಹಾಕಿದ ಗುರುತಿಗೆ ನಮ್ಮ ಬಾಳು ಸುಳ್ಳಾಗದಿರಲಿ. ಕೈಲಾಗದ ಮಕ್ಕಳಿಗೆ ಕೈಯಾಗುವ ಮನಸ್ಸನ್ನು ನಮಗೆ ಕೊಡಿ. ಒಂಟಿಯಾಗಿ ಹೊಣೆ ಹೊತ್ತ ತಂದೆತಾಯಿಗಳಿಗೆ ನಿಮ್ಮ ತಾಯಿ ಮರಿಯಮ್ಮನವರ ಆಸರೆ ಇರಲಿ. ನಮ್ಮ ಹೆಸರುಗಳೂ ಅವರ ಹೆಸರುಗಳೂ ಸ್ವರ್ಗದ ಪುಸ್ತಕದಲ್ಲಿ ಒಟ್ಟಿಗೆ ಇರಲಿ. ಆಮೆನ್.